ಮಳೆಗೂ ಟ್ರ್ಯಾಕಿಗೂ ಒಂದೇ ಕಾರು: ಎಲ್‌ಎಸ್‌ಡಿ ಆರಿಸುವ ಮುಂಚೆ

"ಅಣ್ಣ, ನನ್ನ ಕಾರಿಗೆ ಎಲ್‌ಎಸ್‌ಡಿ ಹಾಕಿಸಬೇಕು. ಯಾವುದು ಒಳ್ಳೇದು?"

ಏಪ್ರಿಲ್‌ನಲ್ಲಿ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ಗ್ಯಾರೇಜಿಗೆ ಬಂದು ಹೀಗೆ ಕೇಳಿದ. ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೆ ಹೆಚ್ಚು ಬಲ ಕಳಿಸುವ ಸಾಧನ. ನಾನು ಅವನ ಕಾರಿಗೆ ಒಂದು ಸುತ್ತು ಬಂದೆ. ಮುಂದಿನ ಎರಡು ಟೈರು ಬೇರೆ ಬೇರೆ ಕಂಪನಿಯವು. ಎರಡರ ಹೊರ ಅಂಚೂ ಬೋಳಾಗಿತ್ತು. ಮೊದಲು ಒಂದೇ ಥರದ ಟೈರ್ ಹಾಕಿಸು, ಅಲೈನ್‌ಮೆಂಟ್ ಮಾಡಿಸು, ಆಮೇಲೆ ಮಾತಾಡೋಣ ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಅವತ್ತು ಎಸ್ಟೇಟಿನ ಪಿಕಪ್ ಒಂದು ಬಿಚ್ಚಿಟ್ಟಿದ್ದೆ, ಕೂತು ವಿವರಿಸಲು ಪುರುಸೊತ್ತಿರಲಿಲ್ಲ. ಅವನಿಗೆ ಹೇಳಬೇಕಿದ್ದದ್ದನ್ನೆಲ್ಲ ಈಗ ಬರೆಯುತ್ತಿದ್ದೇನೆ.

ನಮ್ಮ ಗ್ಯಾರೇಜ್ ಗೋಣಿಕೊಪ್ಪದಲ್ಲಿ. ಬರುವುದೆಲ್ಲ ಹೆಚ್ಚಾಗಿ ತೋಟದ ಜೀಪು, ಪಿಕಪ್. ನನ್ನ ಸ್ವಂತದ್ದು ಹಳೆಯ ಹೋಂಡಾ ಸಿಟಿ, 1.5 ವಿಟೆಕ್. ದಿನಾ ವಿರಾಜಪೇಟೆಗೆ ಓಡಾಟ ಅದರಲ್ಲೇ. ಸ್ಪೇರ್ ತರಲು ಮೈಸೂರಿಗೆ ಹೋಗುವುದೂ ಅದರಲ್ಲೇ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿರುವ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುತ್ತೇನೆ. ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವ ಅನುಕೂಲ ನನಗಿಲ್ಲ. ಹುಣಸೂರು, ಮೈಸೂರು, ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು ಹೋಗಬೇಕು. ದಿನವಿಡೀ ಓಡಿಸಿ, ಅದೇ ಕಾರಲ್ಲಿ ಮನೆಗೆ ಬರಬೇಕು. ಹಾಗಾಗಿ ನಾನು ಹೇಳುವುದೆಲ್ಲ ಇಂಥ ಕಾರಿಗೆ. ಬರೀ ಟ್ರ್ಯಾಕಿಗೆ ಅಂತಲೇ ಇಟ್ಟ ಕಾರಿನ ಲೆಕ್ಕ ಬೇರೆ.

ಈ ಸಿಟಿಗೆ ನಾನು ಎರಡು ಥರದ ಎಲ್‌ಎಸ್‌ಡಿ ಹಾಕಿದ್ದೇನೆ. ಮೊದಲನೆಯದನ್ನು ಒಂದೇ ವರ್ಷಕ್ಕೆ ಬಿಚ್ಚಿದೆ.

ತೋಟದ ದಾರಿಯಲ್ಲಿ ಜೀಪು ಹೂತದ್ದನ್ನು ನೋಡಿದ್ದೀರಿ ಅಲ್ವಾ? ಒಂದು ಚಕ್ರ ಕೆಸರಲ್ಲಿ ಗಿರಗಿರ ತಿರುಗುತ್ತದೆ. ಅದೇ ಆಕ್ಸಲ್‌ನ ಇನ್ನೊಂದು ಚಕ್ರ ಗಟ್ಟಿ ನೆಲದ ಮೇಲೆ ಸುಮ್ನೆ ನಿಂತಿರುತ್ತದೆ. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್, ನಮ್ಮ ಬಾಯಲ್ಲಿ ಡಿಫ್. ಮಾಮೂಲಿ ಡಿಫ್ ಎರಡು ಚಕ್ರಕ್ಕೂ ಯಾವಾಗಲೂ ಸಮ ಟಾರ್ಕ್, ಅಂದರೆ ಸಮ ತಿರುಗಿಸುವ ಬಲ ಕೊಡುತ್ತದೆ. ಕೆಸರಿನಲ್ಲಿರುವ ಚಕ್ರ ಎಷ್ಟು ತಡೆದುಕೊಳ್ಳುತ್ತದೋ, ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗುವುದು. ಟ್ರ್ಯಾಕಿನ ತಿರುವಿನಲ್ಲೂ ಇದೇ ಕತೆ. ಕಾರಿನ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಹೋಗಿರುತ್ತದೆ. ಒಳಗಿನ ಚಕ್ರ ಹಗುರವಾಗಿ ಜಾರುತ್ತದೆ. ನೀವು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಹೊಗೆ ಹಾರಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಒಳಗಿನ ಚಕ್ರ 200 ನ್ಯೂಟನ್ ಮೀಟರ್ ತಡೆಯಬಲ್ಲದು ಅಂತಿಟ್ಟುಕೊಳ್ಳಿ. ಮಾಮೂಲಿ ಡಿಫ್‌ನಲ್ಲಿ ಹೊರಗಿನದಕ್ಕೂ 200, ಒಟ್ಟು 400. ಹೊರಗಿನ ಟೈರಿಗೆ ಅದರ ಮೂರು ಪಟ್ಟು ತಾಳುವ ಶಕ್ತಿ ಇದ್ದರೂ ಅಷ್ಟೇ. ಆ ಉಳಿದ ಹಿಡಿತವನ್ನು ಬಳಸಿಕೊಳ್ಳುವುದೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನ ಕೆಲಸ.

ನಿಮ್ಮ ಕಾರಿಗೆ ಅದು ಬೇಕಾ ಅಂತ ಮೊದಲು ನೋಡಿ. ನಿಧಾನದ ತಿರುವಿನ ಹೊರಗೆ ಸುರಕ್ಷಿತ ಜಾಗದಲ್ಲಿ ಗೆಳೆಯನನ್ನು ನಿಲ್ಲಿಸಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಸಿ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಒಳಗಿನ ಮುಂದಿನ ಚಕ್ರ ಏನು ಮಾಡುತ್ತಿದೆ ನೋಡಿ. ಅದು ನೆಲ ಮುಟ್ಟಿಕೊಂಡೇ ಜಾರುತ್ತಿದೆಯಾ, ಅಥವಾ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತಿದೆಯಾ? ಇವೆರಡೂ ಬೇರೆ ಬೇರೆ ಕಾಯಿಲೆ. ಮದ್ದೂ ಬೇರೆ. ಜಾರುತ್ತಲೇ ಇಲ್ಲ, ಆದರೂ ಕಾರು ಅಗಲಕ್ಕೆ ಹೋಗುತ್ತಿದೆ ಅಂದರೆ ಅದು ಟೈರಿನದ್ದೋ, ಅಲೈನ್‌ಮೆಂಟಿನದ್ದೋ, ಅಥವಾ ನೀವು ತಿರುವಿಗೆ ಜಾಸ್ತಿ ವೇಗದಲ್ಲಿ ನುಗ್ಗುತ್ತಿರುವುದೋ ಇರಬೇಕು. ಎಲ್‌ಎಸ್‌ಡಿ ಅದನ್ನು ಸರಿ ಮಾಡುವುದಿಲ್ಲ.

ಟ್ರ್ಯಾಕ್ ಕಾರಿಗೆ ಲೆಕ್ಕಕ್ಕೆ ಬರುವ ಎಲ್‌ಎಸ್‌ಡಿ ಎರಡು ಥರ. ಪ್ಲೇಟ್ ಮತ್ತು ಹೆಲಿಕಲ್.

ಪ್ಲೇಟ್ ಟೈಪ್ ಒಳಗೆ ಬೈಕಿನ ಕ್ಲಚ್‌ನಂತೆ ಒಂದರ ಮೇಲೊಂದು ಪ್ಲೇಟುಗಳಿರುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಪಿನ್ ಒಂದು ಇಳಿಜಾರನ್ನು ಹತ್ತುತ್ತದೆ. ಆ ಇಳಿಜಾರಿಗೆ ರ‍್ಯಾಂಪ್ ಅನ್ನುತ್ತಾರೆ. ಪಿನ್ ಹತ್ತಿದಂತೆ ಪ್ಲೇಟುಗಳು ಒತ್ತಿಕೊಂಡು ಎರಡು ಚಕ್ರಗಳನ್ನು ಕಟ್ಟಿಹಾಕುತ್ತವೆ. ಒತ್ತಿದಾಗ ಮಾತ್ರ ಕಟ್ಟಿದರೆ ಅದು 1 ವೇ. ಕಾಲು ತೆಗೆದಾಗಲೂ ಅಷ್ಟೇ ಬಿಗಿಯಾಗಿ ಕಟ್ಟಿದರೆ 2 ವೇ. ಒತ್ತಿದಾಗ ಜಾಸ್ತಿ, ಬಿಟ್ಟಾಗ ಸ್ವಲ್ಪ ಕಟ್ಟಿದರೆ 1.5 ವೇ. ರ‍್ಯಾಂಪಿನ ಕೋನವನ್ನು 45/60, 30/80 ಎಂದೆಲ್ಲ ಬರೆದಿರುತ್ತಾರೆ, ಸಾಮಾನ್ಯವಾಗಿ ಮೊದಲನೆಯದು ಒತ್ತಿದಾಗಿನದು, ಎರಡನೆಯದು ಬಿಟ್ಟಾಗಿನದು. ಸಾಮಾನ್ಯವಾಗಿ ಡಿಗ್ರಿ ಕಮ್ಮಿಯಾದಷ್ಟೂ ಹಿಡಿತ ಜಾಸ್ತಿ. 90ಕ್ಕೆ ಹತ್ತಿರವಾದರೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಇದರ ಜೊತೆ ಪ್ರಿಲೋಡ್ ಎಂಬುದೊಂದಿದೆ. ಒಳಗಿನ ಸ್ಪ್ರಿಂಗ್‌ಗಳು ಪ್ಲೇಟುಗಳನ್ನು ಯಾವಾಗಲೂ ಸ್ವಲ್ಪ ಒತ್ತಿ ಹಿಡಿದಿರುತ್ತವೆ. ನೀವು ಆಕ್ಸಿಲರೇಟರ್ ಮುಟ್ಟಿರಿ, ಬಿಡಿ, ಅದು ಇದ್ದೇ ಇರುತ್ತದೆ. ಎಲ್ಲರೂ ರ‍್ಯಾಂಪ್ ಬಗ್ಗೆ ಕೇಳುತ್ತಾರೆ, ಪ್ರಿಲೋಡ್ ಎಷ್ಟು ಅಂತ ಯಾರೂ ಕೇಳುವುದಿಲ್ಲ. ರಸ್ತೆಯಲ್ಲಿ ನಿಮ್ಮ ಅನುಭವಕ್ಕೆ ಬರುವುದು ಜಾಸ್ತಿ ಅದೇ.

ಇದನ್ನು ನಾನು ಕಲಿತದ್ದು ಮಾಕುಟ್ಟದ ದಾರಿಯಲ್ಲಿ. ನನ್ನ ಮೊದಲ ಎಲ್‌ಎಸ್‌ಡಿ ಪ್ಲೇಟ್ ಟೈಪ್, 1.5 ವೇ. ಪ್ರಿಲೋಡ್ 90 ನ್ಯೂಟನ್ ಮೀಟರ್ ಇತ್ತು. ಕರಿಯಲ್ಲಿ ಅದು ಕೊಟ್ಟ ಖುಷಿ ನಾನು ಇವತ್ತಿಗೂ ಮರೆತಿಲ್ಲ. ತಿರುವಿನ ಮಧ್ಯದಲ್ಲೇ ಪೂರ್ತಿ ಒತ್ತಬಹುದಿತ್ತು. ಮೂತಿ ಒಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಆಗಸ್ಟ್ ಬಂತು. ಇರಿಟ್ಟಿಯಲ್ಲಿ ಕೆಲಸವಿತ್ತು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕಾಡಿನೊಳಗೆ ಇಳಿಯುತ್ತಿದ್ದೆ. ಬೆಳಗಿನಿಂದ ಸುರಿಯುತ್ತಿತ್ತು. ರಸ್ತೆಯ ಅಂಚಿನಲ್ಲಿ ಪಾಚಿ, ಮೇಲೆ ಕೊಳೆತ ಎಲೆ. ವೇಗ ಏನೂ ಇರಲಿಲ್ಲ, ಎರಡನೇ ಗೇರ್. ಬಲ ತಿರುವೊಂದರಲ್ಲಿ ಕಾಲು ತೆಗೆದು ಸ್ಟೇರಿಂಗ್ ತಿರುಗಿಸಿದೆ. ಕಾರು ತಿರುಗಲಿಲ್ಲ. ಸ್ಟೇರಿಂಗ್ ಹಗುರವಾಯಿತು, ಮೂತಿ ನೇರ ಹೊರಟಿತು. ಎಡಗಡೆ ಚರಂಡಿ. ಕ್ಲಚ್ ಒತ್ತಿದ ಮೇಲೆ ಟೈರು ಮೆಲ್ಲ ಹಿಡಿದುಕೊಂಡಿತು. ಇಳಿದು ನೋಡಿದರೆ ಮುಂದಿನ ಎಡ ಚಕ್ರಕ್ಕೂ ಚರಂಡಿಗೂ ನಡುವೆ ಒಂದು ಗೇಣು ಜಾಗ.

ಆಗಿದ್ದಿಷ್ಟೇ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜೋರಾಗಿ ತಿರುಗಬೇಕು. ಪ್ರಿಲೋಡ್ ಅದಕ್ಕೆ ಅಡ್ಡ ನಿಂತಿತು. ಎಂಜಿನ್ ಬ್ರೇಕಿಂಗ್‌ಗೆ ರ‍್ಯಾಂಪೂ ಸ್ವಲ್ಪ ಕಟ್ಟಿಹಾಕಿತು. ಒಣ ಟಾರಿನ ಮೇಲೆ ಟೈರಿನ ಹಿಡಿತ ಅವೆರಡನ್ನೂ ಗೆಲ್ಲುತ್ತದೆ. ಪಾಚಿಯ ಮೇಲೆ ಗೆಲ್ಲಲಿಲ್ಲ. ಡಿಫ್ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ರಸ್ತೆಯಲ್ಲೇ ಓಡುವ ಕಾರಿಗೆ ನಾನು ಆರಿಸಿದ್ದು ತಪ್ಪಾಗಿತ್ತು.

ಎರಡನೆಯದು ಹೆಲಿಕಲ್. ಟಾರ್ಸೆನ್, ಕ್ವೈಫ್ ಎಂಬ ಹೆಸರು ಕೇಳಿರುತ್ತೀರಿ. ಟಾರ್ಕ್ ಸೆನ್ಸಿಂಗ್ ಎಂಬುದನ್ನು ಕತ್ತರಿಸಿ ಕೂಡಿಸಿದ್ದೇ ಟಾರ್ಸೆನ್. ಅದರ ಮೂಲ ವಿನ್ಯಾಸಕ್ಕೆ ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲೇ ಪೇಟೆಂಟ್ ಪಡೆದಿದ್ದರು. ಇದರಲ್ಲಿ ಪ್ಲೇಟ್ ಇಲ್ಲ, ಓರೆ ಹಲ್ಲಿನ ಗೇರುಗಳಷ್ಟೇ. ಭಾರ ಬಿದ್ದಾಗ ಆ ಗೇರುಗಳು ಪಕ್ಕಕ್ಕೆ, ಕೇಸಿನ ಗೋಡೆಗೆ ಒತ್ತಿಕೊಳ್ಳುತ್ತವೆ. ಆ ಉಜ್ಜಾಟದಿಂದಲೇ ಹಿಡಿತ ಬರುತ್ತದೆ. ಕಾಲು ತೆಗೆದು ಕಾರು ತನ್ನಷ್ಟಕ್ಕೆ ಉರುಳುವಾಗ ಹೆಚ್ಚುಕಮ್ಮಿ ಮಾಮೂಲಿ ಡಿಫ್‌ನಂತೆಯೇ ಇರುತ್ತದೆ. ಮಳೆಯಲ್ಲಿ ನನಗೆ ಬೇಕಾದದ್ದು ಅದೇ.

ಇದರ ಶಕ್ತಿಯನ್ನು ಬಯಾಸ್ ರೇಶಿಯೋ ಎಂದು ಅಳೆಯುತ್ತಾರೆ. 2.5 ಎಂದಿದ್ದರೆ, ಒಳಗಿನ ಚಕ್ರ ತಡೆಯುವುದರ ಎರಡೂವರೆ ಪಟ್ಟು ಟಾರ್ಕನ್ನು ಹೊರಗಿನದಕ್ಕೆ ಕೊಡಬಲ್ಲದು. ಮೇಲಿನ ಲೆಕ್ಕವನ್ನೇ ಹಾಕಿ. ಒಳಗೆ 200, ಹೊರಗೆ 500, ಒಟ್ಟು 700. ಮೊದಲು 400 ಇತ್ತು. ಎಷ್ಟು ವ್ಯತ್ಯಾಸ ನೋಡಿ.

ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಒಳಗಿನ ಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಹೆಲಿಕಲ್‌ಗೆ ಗುಣಿಸಲು ಏನೂ ಇರುವುದಿಲ್ಲ. ಆ ಕ್ಷಣ ಅದು ಮಾಮೂಲಿ ಡಿಫ್. ಎಡಗಾಲಿನಿಂದ ಬ್ರೇಕ್ ಸ್ವಲ್ಪ ಮುಟ್ಟಿದರೆ ಗಾಳಿಯಲ್ಲಿರುವ ಚಕ್ರಕ್ಕೆ ಒಂದು ತಡೆ ಸಿಗುತ್ತದೆ, ಹೊರಗಿನದಕ್ಕೆ ಟಾರ್ಕ್ ಹೋಗುತ್ತದೆ. ಅದು ಅಭ್ಯಾಸ ಬೇಕಾದ ಕೆಲಸ. ಅದಕ್ಕೇ ವಿಡಿಯೋ ತೆಗೆಯಿರಿ ಅಂದದ್ದು. ಚಕ್ರ ಏಳುತ್ತಿದ್ದರೆ ಮೊದಲು ಸಸ್ಪೆನ್ಷನ್ ನೋಡಿ. ಮುಂಚಕ್ರ ಓಡಿಸುವ ಕಾರಿಗೆ ಮುಂದಿನ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ತುಂಬಾ ದಪ್ಪವಾದರೆ ಒಳಗಿನ ಮುಂದಿನ ಚಕ್ರವನ್ನು ಅದೇ ಮೇಲಕ್ಕೆ ಎತ್ತುತ್ತದೆ. ಮುಂದಿನದನ್ನು ಮೆದು ಮಾಡಿ, ಹಿಂದಿನದನ್ನು ಗಟ್ಟಿ ಮಾಡಿದರೆ ಮುಂದಿನ ಎರಡು ಚಕ್ರವೂ ನೆಲದಲ್ಲಿ ಉಳಿಯುತ್ತವೆ. ಹಿಂದಿನ ಒಳಚಕ್ರ ಬೇಕಾದರೆ ಏಳಲಿ, ಅದಕ್ಕೆ ಎಂಜಿನ್ ಜೊತೆ ಸಂಬಂಧವಿಲ್ಲ. ಆದರೆ ಹಿಂದೆ ಗಟ್ಟಿ ಮಾಡಿದಷ್ಟೂ ಒದ್ದೆಯಲ್ಲಿ ಕಾಲು ತೆಗೆದಾಗ ಹಿಂಭಾಗ ಜಾರುವುದು ಜಾಸ್ತಿ. ಸ್ವಲ್ಪ ಸ್ವಲ್ಪವೇ ಬದಲಿಸಿ ನೋಡಿ.

ಬೇರೆ ಥರದವನ್ನು ಬೇಗ ಹೇಳಿಬಿಡುತ್ತೇನೆ. ವಿಸ್ಕಸ್‌ನಲ್ಲಿ ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದು ಮಂದ ಸಿಲಿಕೋನ್ ದ್ರವ ತಡೆ ಒಡ್ಡುವ ತನಕ ಕಾಯಬೇಕು, ಟ್ರ್ಯಾಕಿಗೆ ಅದು ತಡ. ಮಾಜ್ದಾ ಎಂಎಕ್ಸ್ 5ರ ಮೊದಲ 1.6 ಕಾರುಗಳಲ್ಲಿ ವಿಸ್ಕಸ್ ಇತ್ತು, 1994ರ 1.8ಕ್ಕೆ ಟಾರ್ಸೆನ್ ಬಂತು. ಕೆಲವು ಥಾರ್‌ಗಳ ಹಿಂದಿನ ಆಕ್ಸಲ್‌ನಲ್ಲಿ ಬರುವ ಮೆಕ್ಯಾನಿಕಲ್ ಲಾಕಿಂಗ್ ಡಿಫ್ ಕೆಸರಿನಿಂದ ಎದ್ದುಬರಲು ಬಹಳ ಒಳ್ಳೆಯದು. ಆದರೆ ಅದು ವೇಗದ ತಿರುವಿಗೆ ಮಾಡಿದ್ದಲ್ಲ. ಈಗಿನ ಕಾರುಗಳಲ್ಲಿ ಜಾರುವ ಚಕ್ರಕ್ಕೆ ಕಂಪ್ಯೂಟರೇ ಬ್ರೇಕ್ ಹಾಕುತ್ತದೆ. ರಸ್ತೆಗೆ ಅದು ಸಾಕು. ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತಿಗೆ ಬ್ರೇಕ್ ಪ್ಯಾಡ್ ಕಾದು ಹೋಗುತ್ತದೆ. ಇನ್ನು ಡಿಫ್‌ಗೆ ವೆಲ್ಡ್ ಹೊಡೆಸಿ ಎರಡು ಚಕ್ರವೂ ಸದಾ ಒಟ್ಟಿಗೇ ತಿರುಗುವಂತೆ ಮಾಡುವುದು. ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್ ಎಂಬ ಮಣ್ಣಿನ ರೇಸ್ ಓಡಿಸಲು ಕೆಲವರು ಹಾಗೆ ಮಾಡಿಸುತ್ತಾರೆ. ಅಂಥ ಗಾಡಿಯನ್ನು ದಯವಿಟ್ಟು ರಸ್ತೆಗೆ ತರಬೇಡಿ. ಟಾರಿನ ಮೇಲೆ ಪ್ರತಿ ತಿರುವಿನಲ್ಲೂ ಟೈರ್ ಎಳೆಯುತ್ತದೆ, ಆಕ್ಸಲ್ ಮುರಿಯುತ್ತದೆ. ಮುರಿಯುವುದು ಮನೆಯವರು ಕೂತಿರುವಾಗಲೂ ಆಗಬಹುದು.

ನನ್ನ ಅಭಿಪ್ರಾಯ ಹೀಗಿದೆ. ಮುಂಚಕ್ರ ಓಡಿಸುವ ಕಾರು, ಕೊಡಗಿನಲ್ಲಿ ದಿನಾ ಓಡಾಟ, ವರ್ಷಕ್ಕೆ ಕೆಲವು ಸಲ ಟ್ರ್ಯಾಕ್ ಅಂದರೆ ಹೆಲಿಕಲ್ ಹಾಕಿ. ಪ್ಲೇಟೇ ಬೇಕೆಂದರೆ 1 ವೇ ಅಥವಾ ಕಾಲು ಬಿಟ್ಟಾಗ ತೀರಾ ಮೆದುವಾಗಿರುವ 1.5 ವೇ ತಗೊಳ್ಳಿ, ಪ್ರಿಲೋಡ್ ಕಮ್ಮಿ ಇಡಿಸಿ. ಮುಂಚಕ್ರದ ಕಾರಿಗೆ 2 ವೇ ಬೇಡ. ಹಿಂಚಕ್ರ ಓಡಿಸುವ ಕಾರಿಗೆ 1.5 ವೇ ಪ್ಲೇಟ್ ಚೆನ್ನಾಗಿ ಒಗ್ಗುತ್ತದೆ. ಬ್ರೇಕ್ ಹಾಕುವಾಗ ಹಿಂಭಾಗ ಅಲುಗಾಡದೆ ನಿಲ್ಲುತ್ತದೆ. ಆದರೆ ಮಳೆಯಲ್ಲಿ ಒಂದು ವಿಷಯ ನೆನಪಿಡಿ. ಮಾಮೂಲಿ ಡಿಫ್‌ನಲ್ಲಿ ಜಾಸ್ತಿ ಒತ್ತಿದರೆ ಒಂದು ಹಿಂಚಕ್ರ ಜಾರುತ್ತದೆ, ಇನ್ನೊಂದು ಕಾರನ್ನು ಹಿಡಿದುಕೊಂಡಿರುತ್ತದೆ. ಬಿಗಿ ಎಲ್‌ಎಸ್‌ಡಿಯಲ್ಲಿ ಎರಡೂ ಒಟ್ಟಿಗೆ ಜಾರುತ್ತವೆ, ಹಿಂಭಾಗ ಒಂದೇ ಸಲ ಪಕ್ಕಕ್ಕೆ ಬರುತ್ತದೆ. ಸಂಪಾಜೆ ಘಾಟಿಯಲ್ಲಿ ಎದುರಿಂದ ಬಸ್ ಬರುವಾಗ ಹಾಗಾಗುವುದು ಯಾರಿಗೂ ಬೇಡ. ಸ್ಪರ್ಧೆಗೆ ಇಳಿಯುವವರು ಕೊಳ್ಳುವ ಮುಂಚೆ ತಮ್ಮ ಕ್ಲಾಸಿಗೆ ಆ ವರ್ಷದ ಎಫ್‌ಎಂಎಸ್‌ಸಿಐ (ದೇಶದ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ) ನಿಯಮ ಏನು ಹೇಳುತ್ತದೆ ನೋಡಿಕೊಳ್ಳಿ.

ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು, ಗೇರ್‌ಬಾಕ್ಸ್ ಕೋಡ್ ಹೇಳಬೇಕು. ಒಂದೇ ಕಾರಿಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಗೇರ್‌ಬಾಕ್ಸ್ ಬಂದಿರುತ್ತದೆ. ಆಕ್ಸಲ್ ತುದಿಯಲ್ಲಿ ಡಿಫ್ ಒಳಗೆ ಕೂರುವ ಸ್ಪ್ಲೈನಿನ ಹಲ್ಲುಗಳನ್ನು ನೀವೇ ಎಣಿಸಿ, ಫೋಟೋ ತೆಗೆದು ಕಳಿಸಿ. ಡಿಫ್ ಮೇಲೆ ಕೂರುವ ದೊಡ್ಡ ಗೇರು, ಅಂದರೆ ಕ್ರೌನ್ ವೀಲ್‌ನ ಬೋಲ್ಟ್ ಎಷ್ಟು, ಬೇರಿಂಗ್ ಸೈಜ್ ಎಷ್ಟು, ಸ್ಪೀಡೋಮೀಟರ್ ಗೇರ್ ಡಿಫ್ ಮೇಲೇ ಕೂರುತ್ತದೆಯಾ ಎಂಬುದನ್ನೂ ಕೇಳಿ. ನನಗೆ ಒಬ್ಬ ಮಾರಾಟಗಾರ "ಖಂಡಿತ ಕೂರುತ್ತೆ" ಅಂದು ಕಳಿಸಿದ ಡಿಫ್‌ನಲ್ಲಿ ಹಲ್ಲಿನ ಲೆಕ್ಕವೇ ಬೇರೆ ಇತ್ತು. ವಾಪಸ್ ಕಳಿಸಿ ಬದಲಾಯಿಸಿಕೊಳ್ಳುವಷ್ಟರಲ್ಲಿ ಎರಡೂವರೆ ತಿಂಗಳು ಕಾರು ಗೇರ್‌ಬಾಕ್ಸ್ ಇಲ್ಲದೆ ನಿಂತಿತ್ತು. ಆಗಿನಿಂದ ಹಳೆಯ ಡಿಫ್ ಬಿಚ್ಚಿ ಅಳೆಯುವ ತನಕ ನಾನು ಯಾರಿಗೂ ದುಡ್ಡು ಕಳಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಪ್ಲೇಟ್ ಡಿಫ್ ಸಿಕ್ಕಿದರೆ ಪ್ರಿಲೋಡ್ ಅಳೆಯದೆ ತಗೋಬೇಡಿ. ಕಾರಿನಲ್ಲೇ ಇದ್ದರೆ ಅಳೆಯುವುದು ಸುಲಭ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಡಿ. ಹಬ್ ನಟ್‌ಗೆ ಸಾಕೆಟ್ ಹಾಕಿ, ಮುಳ್ಳಿರುವ ಟಾರ್ಕ್ ರೆಂಚಿನಿಂದ ನಟ್ ಬಿಗಿಯಾಗುವ ಕಡೆಗೇ ಮೆಲ್ಲ ತಿರುಗಿಸಿ. ಚಕ್ರ ಅಲುಗುವ ಕ್ಷಣದಲ್ಲಿ ಮುಳ್ಳು ಎಲ್ಲಿದೆಯೋ ಅದೇ ಪ್ರಿಲೋಡ್. ನನ್ನದು ಹಾಕಿದಾಗ 90 ತೋರಿಸಿತ್ತು. ಒಂದು ವರ್ಷದ ನಂತರ 35ಕ್ಕೆ ಇಳಿದಿತ್ತು. ಪ್ಲೇಟ್ ಸವೆಯುವುದು ಸಹಜ. ಆದರೆ ಹೊಸ ಪ್ಲೇಟ್ ಹೊರಗಿನಿಂದಲೇ ಬರಬೇಕು, ಹಾಕಲು ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಹೆಲಿಕಲ್‌ನಲ್ಲಿ ಈ ತಲೆನೋವಿಲ್ಲ.

ಫಿಟ್ ಮಾಡುವಾಗ ಅವಸರ ಬೇಡ. ನಮ್ಮಂಥ ಸಣ್ಣ ಮುಂಚಕ್ರದ ಕಾರುಗಳಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಜೀಪಿನ ಕ್ರೌನ್ ಪಿನಿಯನ್‌ಗೆ ಹಲ್ಲಿನ ಕಾಂಟ್ಯಾಕ್ಟ್, ಬ್ಯಾಕ್‌ಲ್ಯಾಶ್ ಎಲ್ಲ ನೋಡುವಂತೆ ಇಲ್ಲಿ ನೋಡಬೇಕಾಗಿಲ್ಲ. ಡಿಫ್ ಬೇರಿಂಗ್‌ಗಳಿಗೆ ಸರಿಯಾದ ಶಿಮ್ (ಸಂದು ಹೊಂದಿಸುವ ತೆಳು ಬಳೆ) ಹಾಕುವುದೇ ಮುಖ್ಯ ಕೆಲಸ. ಹಳೆಯ ಶಿಮ್ಮನ್ನೇ ಹಾಕಿ ಮುಚ್ಚಿದರೆ ಬೇರಿಂಗ್ ಕೂಗುತ್ತದೆ. ಬೇರಿಂಗ್, ಆಯಿಲ್ ಸೀಲ್, ಕ್ರೌನ್ ಬೋಲ್ಟ್ ಎಲ್ಲ ಹೊಸದು ಹಾಕಿ. ಗೇರ್‌ಬಾಕ್ಸ್ ಇಳಿದಿರುತ್ತದೆ ಅಲ್ವಾ, ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೆ ಅದನ್ನೂ ಆಗಲೇ ಬದಲಿಸಿ. ಇಳಿಸಿ ಏರಿಸುವ ಕೂಲಿ ಎರಡು ಸಲ ಕೊಡಬೇಕಾಗುವುದಿಲ್ಲ.

ಎಣ್ಣೆ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಈ ಕಾರುಗಳಲ್ಲಿ ಗೇರ್‌ಬಾಕ್ಸಿಗೂ ಡಿಫ್‌ಗೂ ಒಂದೇ ಎಣ್ಣೆ. ಪ್ಲೇಟ್ ಡಿಫ್‌ಗೆ ಒಳ್ಳೆಯದೆಂದು ಜೀಪಿನ ಹೌಸಿಂಗ್‌ಗೆ ಹಾಕುವ ಜಿಎಲ್ 5 ಎಣ್ಣೆ ಸುರಿದರೆ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೋ ರಿಂಗ್‌ಗಳಿಗೆ ತೊಂದರೆಯಾಗಬಹುದು. ಎರಡಕ್ಕೂ ಆಗುತ್ತದೆ ಎಂದು ಬರೆದಿರುವ ಎಣ್ಣೆಯನ್ನೇ ಹುಡುಕಿ. ಹೆಲಿಕಲ್‌ಗೆ ಕಾರಿನ ಕಂಪನಿ ಹೇಳಿದ ಎಣ್ಣೆಯೇ ಸಾಕು. ನನ್ನ ಸಿಟಿಯಲ್ಲಿ ಇರುವುದು ಅದೇ. ಪ್ಲೇಟಿನ ಉಜ್ಜಾಟ ಹದ ಮಾಡಲು ಎಣ್ಣೆಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಇದಕ್ಕೆ ಹಾಕಬೇಡಿ. ಗೇರುಗಳ ಉಜ್ಜಾಟವೇ ಇದರ ಜೀವ, ಅದನ್ನು ಕಮ್ಮಿ ಮಾಡಿಬಿಡುತ್ತದೆ.

ಹೊಸ ಪ್ಲೇಟ್ ಡಿಫ್ ಆದರೆ ಪ್ಲೇಟುಗಳು ಒಂದಕ್ಕೊಂದು ಕೂರಬೇಕು. ಖಾಲಿ ಜಾಗದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತಬೇಕು. ನಾನು ಸುತ್ತಿದ್ದು ಗೆಳೆಯರೊಬ್ಬರ ಕಾಫಿ ಕಣದಲ್ಲಿ. ಅಕ್ಟೋಬರ್‌ನಲ್ಲಿ, ಹಣ್ಣು ಕೊಯ್ಯಲು ಶುರುವಾಗುವ ಮುಂಚೆ ಕಣ ಖಾಲಿ ಇರುತ್ತದೆ. ಇಪ್ಪತ್ತು ನಿಮಿಷ ಸುತ್ತಿ, ತಣ್ಣಗಾಗಲು ಬಿಟ್ಟು, ಮತ್ತೆ ಸುತ್ತಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಬರುತ್ತದೆ, ಗಾಬರಿ ಬೇಡ. ಆಮೇಲೆ ಎಣ್ಣೆ ಇಳಿಸಿದರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ನುಣುಪಾದ ಕಪ್ಪು ಪೇಸ್ಟ್ ಇದ್ದರೆ ಸರಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಕಾರು ಓಡಿಸಬೇಡಿ, ಬಿಚ್ಚಿ ನೋಡಿ. ಹೆಲಿಕಲ್ ಹಾಕಿದರೂ 500 ಕಿ.ಮೀ. ಆದ ಮೇಲೆ ಒಂದು ಸಲ ಎಣ್ಣೆ ಬದಲಿಸಿ ಮ್ಯಾಗ್ನೆಟ್ ನೋಡುವುದು ನನ್ನ ಅಭ್ಯಾಸ.

ಹಾಕಿದ ಮೇಲೆ ಓಡಿಸುವ ಕೈಯೂ ಬದಲಾಗಬೇಕು. ಮೊದಲೆಲ್ಲ ಒಳಚಕ್ರ ಜಾರಿದಾಗ ಕಾಲು ತೆಗೆಯುತ್ತಿದ್ದೆವು. ಈಗ ಸ್ಟೇರಿಂಗ್ ಗಟ್ಟಿ ಹಿಡಿದು ಒತ್ತಿಕೊಂಡೇ ಹೋದರೆ ಮೂತಿ ಒಳಗೆ ಬರುತ್ತದೆ. ಆದರೆ ಒಂದು ಬದಿ ಗುಂಡಿ, ಒಂದು ಬದಿ ಟಾರು ಇರುವ ನಮ್ಮ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ. ಹೆಲಿಕಲ್‌ನಲ್ಲೂ ಇದು ಸ್ವಲ್ಪ ಇದ್ದೇ ಇದೆ. ಮನೆಯಲ್ಲಿ ಬೇರೆಯವರು ಆ ಕಾರು ಓಡಿಸುವುದಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ತೋರಿಸಿ.

ಪೊನ್ನಂಪೇಟೆಯ ಹುಡುಗ ಹೊಸ ಟೈರ್ ಹಾಕಿಸಿಕೊಂಡು ಮೇ ತಿಂಗಳಲ್ಲಿ ಕರಿಗೆ ಹೋಗಿಬಂದ. ವಿಡಿಯೋ ಕಳಿಸಿದ್ದಾನೆ. ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಒಳಗಿನ ಮುಂದಿನ ಚಕ್ರದ ಕೆಳಗೆ ನಾಲ್ಕು ಬೆರಳಷ್ಟು ಬೆಳಕು ಕಾಣುತ್ತದೆ. ಮುಂದೆ ದಪ್ಪದ ಬಾರ್ ಹಾಕಿಸಿದ್ದನಂತೆ, ನನಗೆ ಹೇಳಿರಲಿಲ್ಲ. ಈ ಭಾನುವಾರ ಅದನ್ನು ಬಿಚ್ಚಿ ಕಂಪನಿ ಬಾರ್ ವಾಪಸ್ ಹಾಕುತ್ತೇವೆ. ಅದೇ ತಿರುವಿಗೆ ಇನ್ನೊಮ್ಮೆ ಹೋಗಿ ವಿಡಿಯೋ ತೆಗೆಸಿಕೊಂಡು ಬರುತ್ತಾನೆ. ಡಿಫ್‌ಗೆ ಆರ್ಡರ್ ಕೊಡುವುದು ಆಮೇಲೆ.